ಗರಗಸದ ಖಟಕಾ, ಚಾಚಾನ ಎಂಟು ಬೆರಳು

ಯಂತ್ರ ಬಂದರೆ ಅದರ ಹಿಂದೆಯೇ ಬುದ್ಧಿಯೂ ಬರುತ್ತದೆ ಎಂದು ನಮ್ಮ ಕಡೆಯ ಸಾಹುಕಾರರು ನಂಬಿದ್ದಾರೆ. ಬರುವುದಿಲ್ಲ. ಯಂತ್ರ ಕೊಪ್ಪಳದ ಸ್ಟೇಷನ್ನಿನಲ್ಲಿ ಇಳಿಯುತ್ತದೆ, ಬುದ್ಧಿ ಅದೇ ಗಾಡಿಯಲ್ಲಿ ಮುಂದೆ ಹೋಗಿಬಿಡುತ್ತದೆ. ಹಾಗಾಗಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ನಗುವವರು ನಗಲಿ. ನಗುವ ಮೊದಲು ತಮ್ಮ ಕೈಬೆರಳುಗಳನ್ನು ಒಮ್ಮೆ ನೋಡಿಕೊಳ್ಳಲಿ.

ನಾನು ಶಾಲೆಯಲ್ಲಿ ಹೆಚ್ಚು ಕಲಿತವನಲ್ಲ. ಕೊಪ್ಪಳದ ಹತ್ತಿ ಜಿನ್ನಿನಲ್ಲಿ ಎಣ್ಣೆ ಹಾಕುತ್ತಾ ಎಂಜಿನ್ನು ಬಿಚ್ಚಿ ಕಟ್ಟುವುದನ್ನು ಕಲಿತೆ. ಅಲ್ಲಿ ತಿರುಗುವ ಪಟ್ಟಾಕ್ಕೆ ಯಾರ ಕೈಯೂ ಸಿಕ್ಕದಂತೆ ಒಂದು ಕಟಾಂಜನ ಹಾಕಿರಿ ಎಂದು ಕೇಳಿದ್ದಕ್ಕೆ ಹೊರಗೆ ಹಾಕಿದರು. ಕುಷ್ಟಗಿಯ ಎಣ್ಣೆ ಗಿರಣಿಯಲ್ಲೂ ಅದನ್ನೇ ಕೇಳಿದೆ. ಅವರೂ ಹೊರಗೆ ಹಾಕಿದರು. ಕಡೆಗೆ ಗಂಗಾವತಿಯಲ್ಲಿ ಒಂದು ಕಟ್ಟಿಗೆ ಕೊಯ್ಯುವ ಕಾರ್ಖಾನೆಗೆ ಸೇರಿದೆ. ಆಗ ನಿಜಾಮರ ಆಳ್ವಿಕೆ. ಕೂಲಿಯವನು ಬಾಯಿ ತೆರೆದರೆ ಅದಕ್ಕೆ ಬಂಡಾಯ ಎಂದು ಹೆಸರು. ಅಲ್ಲಿಯ ಸಾಹುಕಾರರು ಮೊದಲ ವಾರದಲ್ಲೇ ನನಗೆ ತಕರಾರಪ್ಪ ಎಂದು ಹೆಸರಿಟ್ಟರು.

ಗರಗಸ ನಡೆಸುತ್ತಿದ್ದವನು ಒಬ್ಬ ವಯಸ್ಸಾದ ಮುಸಲ್ಮಾನ. ಎಲ್ಲರಿಗೂ ಅವನು ಚಾಚಾ. ಅವನ ಎಡಗೈಯ ಎರಡು ಬೆರಳನ್ನು ಬೇರೆ ಊರಿನ ಗರಗಸ ತಿಂದಿತ್ತು. ಹೊಸಬರು ಬಂದರೆ ಆ ಕೈಯನ್ನೇ ಎತ್ತಿ ಸಲಾಮು ಮಾಡುತ್ತಿದ್ದ. "ಇನ್ನೂ ಎಂಟು ಅದಾವ ಬೇಟಾ," ಎನ್ನುತ್ತಿದ್ದ ನನಗೆ. "ಈ ಎಂಟೂ ನನ್ನ ಜೋಡಿನ ಕಬರಸ್ತಾನಕ್ಕ ಬರಬೇಕು. ಒಂದು ಮುಂದ, ಒಂದು ಹಿಂದ ಹೋಗೂದು ನನಗ ಬ್ಯಾಡ."

ಈ ಕೆಳಗಿನದೆಲ್ಲ ಆ ಎಂಟು ಬೆರಳಿಗಾಗಿ ನಡೆದ ಜಗಳ.

ಕೆಂಪು ಸೀರೆ

ಅಂಗಳದ ಒಂದು ಬದಿಗೆ ಗರಗಸದ ಮನೆ, ಇನ್ನೊಂದು ಬದಿಗೆ ಎಂಜಿನ್ನಿನ ಮನೆ. ಸೀಮೆಎಣ್ಣೆಯ ಎಂಜಿನ್ನು ಕಟ್ಟಿಗೆಯ ಪಕ್ಕ ಇರಬಾರದು ಎಂದು ದೂರ ಕಟ್ಟಿಸಿದ್ದರು. ಅದು ಸರಿಯೇ. ಆದರೆ ನಿಲ್ಲಿಸುವುದು, ಹೊತ್ತಿಸುವುದು ಎಲ್ಲ ಎಂಜಿನ್ನಿನ ಮನೆಯಲ್ಲೇ ಇತ್ತು. ಗರಗಸದ ಹತ್ತಿರ ಏನೂ ಇರಲಿಲ್ಲ. ಹಲಗೆ ಸಿಕ್ಕಿಕೊಂಡು ಚಾಚಾ ಕೂಗಿದರೆ ಎಂಜಿನ್ನಿನ ಸದ್ದಿನಲ್ಲಿ ಡ್ರೈವರನಿಗೆ ಕೇಳುತ್ತಿರಲಿಲ್ಲ.

ಇದನ್ನು ಹೇಳಿದೆ. ಸಾಹುಕಾರರು ಯೋಚಿಸಿ, ಒಂದು ಕೆಂಪು ಬಟ್ಟೆ ಕೊಟ್ಟರು. ಗಂಡಾಂತರ ಬಂದರೆ ಚಾಚಾ ಬಾಗಿಲಲ್ಲಿ ಕೆಂಪು ಬಟ್ಟೆ ಬೀಸಬೇಕು, ಡ್ರೈವರ್ ಕಂಡು ಎಂಜಿನ್ನು ನಿಲ್ಲಿಸಬೇಕು. ರೈಲಿನಲ್ಲಿ ಹಾಗೇ ಮಾಡುತ್ತಾರಂತೆ.

ಮರುದಿನ ಎಂಜಿನ್ನು ಮೇಲಿಂದ ಮೇಲೆ ನಿಂತಿತು. ಗರಗಸದಲ್ಲಿ ಏನೂ ತೊಂದರೆ ಇರಲಿಲ್ಲ. ನೋಡಿದರೆ, ಹಲಗೆ ಹೊರುವ ಅಕ್ಕ ಕುಷ್ಟಗಿ ಕಡೆಯವಳು, ಉಟ್ಟದ್ದು ಕೆಂಪು ಇಳಕಲ್ಲ ಸೀರೆ. ಅವಳು ಹಲಗೆ ಹೊತ್ತು ಬಾಗಿಲು ದಾಟಿದಾಗಲೆಲ್ಲ ಡ್ರೈವರ್ ನಿಲ್ಲಿಸುತ್ತಿದ್ದ.

ಸಾಹುಕಾರರು ಅವಳನ್ನು ಕರೆಸಿದರು. "ಯವ್ವಾ, ನಾಳಿಂದ ಬ್ಯಾರೆ ಬಣ್ಣದ ಸೀರಿ ಉಟ್ಟು ಬಾ."

"ಉಟ್ಟು ಬರ್ತೀನ್ರೀ ಯಪ್ಪಾ. ಯಾವ ಬಣ್ಣದ್ದು ಕೊಡಸ್ತೀರಿ ಹೇಳ್ರಿ," ಅಂದಳು ಅವಳು.

ಸೀರೆ ಕೊಡಿಸುವುದಕ್ಕಿಂತ ಬಟ್ಟೆ ಬದಲಿಸುವುದು ಅಗ್ಗ. ಸಾಹುಕಾರರು ಕೆಂಪು ಬಟ್ಟೆ ವಾಪಸು ಇಸಿದುಕೊಂಡು ತಮ್ಮ ಹಳೆಯ ಧೋತರದ ಬಿಳಿ ತುಂಡು ಕೊಟ್ಟರು. ಅದನ್ನು ಕೊಟ್ಟು, ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲಿನಲ್ಲಿ ಅಂಗಳಕ್ಕೆ ಇಳಿದರು. ಎಂಜಿನ್ನು ನಿಂತಿತು. ಮಧ್ಯಾಹ್ನ ಊಟಕ್ಕೆ ಎದ್ದರು, ನಿಂತಿತು. ಸಂಜೆ ಕೆಲಸ ನೋಡಲು ಬಂದರು, ನಿಂತಿತು. ಬೇರೆ ಕಡೆ ಸಾಹುಕಾರರು ಬಂದರೆ ನಿಂತ ಕೆಲಸ ನಡೆಯುತ್ತದೆ. ನಡೆಯುವ ಕೆಲಸ ನಿಂತದ್ದು ನಮ್ಮಲ್ಲಿ ಮಾತ್ರ.

ದೊಡ್ಡ ಹಿಡಿಕೆ

ನಾನು ಸಾಹುಕಾರರ ಗಾದಿಯ ಮುಂದೆ ಹೋಗಿ ನಿಂತೆ.

"ಎಂಜಿನ್ನಿಗೆ ಕಿಡಿ ಕೊಡೋ ಡಬ್ಬಿ ಒಂದೈತ್ರಿ. ಮ್ಯಾಗ್ನೆಟೋ ಅಂತಾರ. ಅದರಿಂದ ಒಂದು ತಂತಿ ಎಳದು ಗರಗಸದ ಕಡೆ ಒಂದು ಖಟಕಾ ಕೂಡಿಸ್ತೀನಿ. ಖಟಕಾ ಕೆಳಗ ಎಳದ್ರ ಕಿಡಿ ನೆಲಕ್ಕ ಇಳೀತೈತಿ, ಎಂಜಿನ್ನು ನಿಲ್ತೈತಿ. ಚಾಚಾ ನಿಂತಲ್ಲೇ ಕೈ ಚಾಚಿದ್ರ ಸಾಕು."

"ಅಂದ್ರ ಕೂಲಿಯವನ ಕೈಯಾಗ ನನ್ನ ಎಂಜಿನ್ನು?"

"ಅಲ್ರಿ. ಕೂಲಿಯವನ ಕೈ ಕೂಲಿಯವನ ಕೈಯಾಗ."

ಸಾಹುಕಾರರಿಗೆ ಹಿಡಿಸಲಿಲ್ಲ. ಖಟಕಾ ಕೂಡಿಸುವುದಾದರೆ ತಮ್ಮ ಗಾದಿಯ ಪಕ್ಕ ಕೂಡಿಸು ಎಂದರು. ಗರಗಸ ಅಲ್ಲಿ, ಕೈ ಅಲ್ಲಿ, ಖಟಕಾ ಇಲ್ಲಿ! ಅಂದು ನಾವೆಲ್ಲ ಅಂಗಳದಲ್ಲಿ ಕೂತುಬಿಟ್ಟೆವು. ಬಂಡಿಗಳು ಬಂದು ನಿಂತವು, ಗಿರಾಕಿಗಳು ಬೈದರು, ಸಂಜೆಗೆ ರಾಜಿಯಾಯಿತು. ಗರಗಸದ ಹತ್ತಿರ ಒಂದು ಖಟಕಾ, ಗಾದಿಯ ಹತ್ತಿರ ಇನ್ನೊಂದು. ಯಾವುದನ್ನು ಇಳಿಸಿದರೂ ಎಂಜಿನ್ನು ನಿಲ್ಲುತ್ತದೆ. ಎರಡೂ ಮೇಲಿದ್ದರೆ ಮಾತ್ರ ಹೊತ್ತುತ್ತದೆ. ಇದನ್ನು ನಾನು ಬಿಡಿಸಿ ಹೇಳಿದೆ. ಸಾಹುಕಾರರು ಕೇಳಿದ್ದು ಒಂದೇ ಮಾತು.

"ನಂದು ದೊಡ್ಡದಿರಬೇಕು."

ಚಾಚಾನದಕ್ಕೆ ಕಟ್ಟಿಗೆಯ ಹಿಡಿಕೆ ಹಾಕಿದೆ. ಅವರದಕ್ಕೆ ಮೊಳಕೈ ಉದ್ದದ ಹಿತ್ತಾಳೆಯ ಹಿಡಿಕೆ ಹಾಕಿದೆ.

ಮರುದಿನ ಬೆಳಿಗ್ಗೆ ಎಂಜಿನ್ನು ಹೊತ್ತಲಿಲ್ಲ. ಡ್ರೈವರ್ ತಿರುಗಿಸಿ ತಿರುಗಿಸಿ ಬೆವತ. ನಾನು ಎಣ್ಣೆ ನೋಡಿದೆ, ಡಬ್ಬಿ ಬಿಚ್ಚಿದೆ, ತಂತಿಯನ್ನು ಮೊಳ ಮೊಳ ಮುಟ್ಟಿ ನೋಡಿದೆ. ಚಾಚಾನ ಖಟಕಾ ಮೇಲೆಯೇ ಇತ್ತು. ಸಾಹುಕಾರರು ಗಾದಿಯ ಮೇಲೆ ಕೂತು ನನ್ನ ಮನೆತನವನ್ನೆಲ್ಲ ಬೈದರು. "ತಂತಿ ಹಾಕಿ ನನ್ನ ಎಂಜಿನ್ನು ಕೆಡಿಸ್ಯಾನ ಈ ತಕರಾರಪ್ಪ!"

ಬೈಗುಳಕ್ಕೆ ಉತ್ತರ ಕೊಡಲು ಒಳಗೆ ಹೋದೆ. ಸಾಹುಕಾರರು ಬಂದವರೇ ತಮ್ಮ ಕರಿ ಕೋಟನ್ನು ಹಿತ್ತಾಳೆಯ ಹಿಡಿಕೆಗೆ ನೇತುಹಾಕಿದ್ದರು. ಹಿಡಿಕೆ ಕೆಳಗೆ ಬಂದು ಕೂತಿತ್ತು.

"ಕೋಟು ಇಷ್ಟು ವಜ್ಜೆ ಯಾಕೈತ್ರಿ?" ಎಂದೆ.

"ಕಿಸೇದಾಗ ತಿಜೋರಿ ಕೀಲಿ ಅದಾವ."

"ಹಂಗಾರ ನೆನಪಿಡ್ರಿ. ನಿನ್ನೆ ಕಾರ್ಖಾನಿ ಬಂದ್ ಮಾಡಿದ್ದು ನಾವು. ಇವತ್ತು ಬಂದ್ ಮಾಡಿದ್ದು ನಿಮ್ಮ ತಿಜೋರಿ."

ತಗಡಿನ ಮೇಲಿನ ಸಂಘ

ತಂತಿಯನ್ನು ಅಂಗಳದ ಮೇಲಿನಿಂದ ಹಾಯಿಸಿ ಗರಗಸದ ಮನೆಯ ತಗಡಿನ ಮೇಲೆ ತಂದಿದ್ದೆ. ತಗಡಿಗೆ ತಂತಿ ತಾಗದಂತೆ ಬಿದಿರಿನ ಕೊಳವೆಯೊಳಗೆ ಹಾಕಬೇಕು ಎಂದು ಹೇಳಿದ್ದೆ. ತಂತಿಗೆ ಬಟ್ಟೆ ಸುತ್ತೈತಲ್ಲ, ಮತ್ತೆ ಬಿದಿರು ಯಾಕೆ ಎಂದರು ಸಾಹುಕಾರರು. ಬಿಸಿಲಿಗೆ ಬಟ್ಟೆ ಸವೆಯುತ್ತದೆ ಎಂದೆ. ಸವೆದಾಗ ನೋಡೋಣ ಎಂದರು.

ಸವೆಯಿತು. ಒಂದು ವಾರ ಎಂಜಿನ್ನು ತನ್ನ ಮನಸ್ಸಿಗೆ ಬಂದಂತೆ ನಿಲ್ಲತೊಡಗಿತು. ಒಂದು ಕ್ಷಣ ಕೆಮ್ಮುವುದು, ನಿಲ್ಲುವುದು. ನಿಂತಾಗ ಚಾಚಾ ಬೀಡಿ ಹಚ್ಚುತ್ತಿದ್ದ, ಹಲಗೆ ಹೊರುವ ಅಕ್ಕ ಎಲೆ ಅಡಿಕೆ ಹಾಕುತ್ತಿದ್ದಳು. ಸಾಹುಕಾರರಿಗೆ ಸಂಶಯವೇ ಇರಲಿಲ್ಲ. ಇದು ತಕರಾರಪ್ಪನ ಗುಟ್ಟಿನ ಹರತಾಳ. ಠಾಣೆಗೆ ಹೇಳಿಕಳಿಸಿದರು.

ಅಮೀನ ಸಾಹೇಬರು ಬಂದರು. ಅಮೀನ ಎಂದರೆ ಆಗಿನ ನಮ್ಮ ಫೌಜದಾರ. ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಕೈ ಮೇಲೆತ್ತಿಸಿ, ಎಂಜಿನ್ನು ನಡೆಸಲು ಡ್ರೈವರನಿಗೆ ಹೇಳಿದರು. ನಾನೂ ಕೈ ಎತ್ತಿ ನಿಂತೆ. ಎಂಜಿನ್ನು ನಡೆಯಿತು. ಸಾಹುಕಾರರು ಗೆದ್ದವರಂತೆ ನಕ್ಕರು.

"ನೋಡಿದ್ರೇನು ಸಾಹೇಬ್ರ? ಇವರ ಕೈ ಕಟ್ಟಿದ್ರ ಹೆಂಗ ನಡೀತೈತಿ!"

ಅಷ್ಟರಲ್ಲಿ ತಗಡು ಧಡಧಡ ಸದ್ದಾಯಿತು. ಆನೆಗುಂದಿ ಕಡೆಯಿಂದ ಬಂದ ಕೋತಿಗಳ ಹಿಂಡು. ದೊಡ್ಡ ಗಡವ ಒಂದು ಹಾರಿ ಸರಿಯಾಗಿ ತಂತಿಯ ಮೇಲೆ ಕೂತಿತು. ತಂತಿ ತಗಡಿಗೆ ತಾಗಿತು, ಕಿಡಿ ನೆಲಕ್ಕೆ ಇಳಿಯಿತು. ಎಂಜಿನ್ನು ಕೆಮ್ಮಿ ನಿಂತಿತು. ಗಡವ ಎದ್ದು ತಲೆ ತುರಿಸಿಕೊಂಡಿತು.

ಅಮೀನರು ಮೇಲೆ ನೋಡಿದರು, ಸಾಹುಕಾರರನ್ನು ನೋಡಿದರು. "ಕ್ಯಾ ಸಾಹುಕಾರ್? ಇವರ ಮುಖಂಡ ಅವನೇ ಏನು? ಬೇಡಿ ಯಾರು ಹಾಕ್ತೀರಿ, ನೀವೋ ನಾನೋ?"

ಸಾಹುಕಾರರು ಹನುಮಪ್ಪನ ಭಕ್ತರು. ಕೋತಿಗೆ ಕಲ್ಲು ಹೊಡೆಯುವಂತಿಲ್ಲ, ನನಗೆ ಹೊಡೆಸುವಂತಿಲ್ಲ. ಅಂದೇ ಬಿದಿರು ತರಿಸಿದರು. ನಾನು ತಂತಿಯನ್ನು ಕೊಳವೆಗೆ ತೂರಿಸಿ ಭದ್ರ ಮಾಡಿದೆ. ಯಾರೂ ನನಗೆ ಭೇಷ್ ಎನ್ನಲಿಲ್ಲ.

"ನೀ ಬಂದು ವರ್ಷ ಆತು, ಹರತಾಳದ ಒಂದು ದಿನ ಬಿಟ್ಟರ ಕುಂದ್ರಾಕ ಬಿಡುವು ಕೊಡಸಲಿಲ್ಲ," ಎಂದಳು ಹಲಗೆ ಹೊರುವ ಅಕ್ಕ. "ಅವು ಒಂದು ವಾರದಾಗ ಕೊಡಸಿದ್ವು. ಅದನ್ನೂ ಕಸಗೊಂಡಿ."

ಅಮಾವಾಸ್ಯೆಯ ಪೂಜೆ

ನಮ್ಮ ಕಡೆ ಅಮಾವಾಸ್ಯೆಗೆ ಯಂತ್ರಗಳಿಗೆ ಪೂಜೆ. ಮಠದ ಅಯ್ಯನವರು ಬಂದು ಎಂಜಿನ್ನಿಗೆ ವಿಭೂತಿ ಬಳಿದರು, ಗರಗಸಕ್ಕೆ ಹೂವು ಏರಿಸಿದರು. ಹೊಸದಾಗಿ ಬಂದ ದೇವರು ಯಾವುದು ಎಂದು ಕೇಳಿ ಚಾಚಾನ ಖಟಕಾಕ್ಕೂ ಕುಂಕುಮ, ಎಣ್ಣೆ, ಭಂಡಾರದ ಅರಿಶಿನ ಎಲ್ಲ ಬಳಿದು, ಮಾವಿನೆಲೆ ಕಟ್ಟಿ, ಕಾಯಿ ಒಡೆದು ನೀರು ಚಿಮುಕಿಸಿದರು.

ಮರುದಿನ ಕೆಲಸ ಶುರುವಾಗುವ ಮೊದಲು ನಾನು ಖಟಕಾ ಎಳೆದು ನೋಡಿದೆ. ಎಂಜಿನ್ನು ನಿಲ್ಲಲಿಲ್ಲ. ಮತ್ತೆ ಎಳೆದೆ. ನಿಲ್ಲಲಿಲ್ಲ. ಖಟಕಾದ ತಾಮ್ರದ ತುಟಿಗಳ ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಗಟ್ಟಿಯಾಗಿ ಕೂತಿತ್ತು. ತುಟಿಗೆ ತುಟಿ ತಾಗದಿದ್ದರೆ ಕಿಡಿ ನೆಲಕ್ಕೆ ಇಳಿಯುವುದಿಲ್ಲ. ಆ ಹೊತ್ತು ಹಲಗೆ ಸಿಕ್ಕಿ ಗರಗಸ ಬಿಗಿದುಕೊಂಡಿದ್ದರೆ ಚಾಚಾ ಎಳೆಯುತ್ತಿದ್ದ, ನಿಂತಿತು ಎಂದು ತಿಳಿದು ಕೈ ಹಾಕುತ್ತಿದ್ದ.

ನನ್ನ ಸಿಟ್ಟು ನೆತ್ತಿಗೇರಿತು. ಎಂಜಿನ್ನು ನಿಲ್ಲಿಸಲು ಹೇಳಿ, ಖಟಕಾವನ್ನು ಉಜ್ಜಿ ತೊಳೆದೆ. ಸುದ್ದಿ ತಿಳಿದು ಅಯ್ಯನವರೇ ಬಂದರು.

"ದೇವರ ಮ್ಯಾಲಿನ ಕುಂಕುಮ ಒರಸಿದಿ ಏನಪಾ?"

"ಇದು ದೇವರಲ್ರೀ ಅಯ್ಯಾರ. ಇದು ಚಾಚಾನ ಕೈ. ಇದಕ್ಕ ಕುಂಕುಮ ಬ್ಯಾಡ, ದಿನಾ ಮುಂಜಾನಿ ಒಂದು ಸಲ ಎಳದು ನೋಡ್ರಿ, ಅದ ಇದರ ಪೂಜಿ."

ಅಯ್ಯನವರು ಒಳ್ಳೆಯವರು. ಕುಂಕುಮ ಬಿಟ್ಟುಕೊಟ್ಟರು. ದಿನಾ ಎಳೆದು ನೋಡುವುದನ್ನು ಒಪ್ಪಿದರು, ಆಗ ಒಂದು ಊದುಬತ್ತಿ ಹಚ್ಚಬೇಕು ಎಂದರು. ಆದರೆ ಮಡಿ ಬಿಡಲಿಲ್ಲ. ಪೂಜೆಯಾದದ್ದನ್ನು ಜಳಕ ಇಲ್ಲದವರು ಮುಟ್ಟಬಾರದು. ಮುಂಜಾನೆಯ ಜಳಕ ದಿನವಿಡೀ ನಡೆಯುತ್ತದೆ, ಆದರೆ ಹೆಣದ ಮಣ್ಣಿಗೆ ಹೋಗಿ ಬಂದವರು, ಕ್ಷೌರ ಮಾಡಿಸಿಕೊಂಡವರು ಮತ್ತೆ ಮೈ ತೊಳೆಯದೆ ಕೈ ಹಚ್ಚಬಾರದು.

"ಕೈ ಗರಗಸದಾಗ ಸಿಕ್ಕರ ಏನ್ ಮಾಡ್ಲಿ ಅಯ್ಯಾರ?" ಎಂದ ಚಾಚಾ. "ಹೊಳಿಗೆ ಹೋಗಿ ಮುಣಗಿ ಬರ್ಲೇನು?"

ಅಯ್ಯನವರು ಗಡ್ಡ ತುರಿಸಿಕೊಂಡರು. "ಜೀವದ ಪ್ರಶ್ನಿ ಬಂದ್ರ ಮಡಿ ಇಲ್ಲ. ಕೆಳಗ ಎಳಿಯಾಕ ಯಾರಾದರೂ ಎಳೀಬಹುದು. ಮ್ಯಾಲ ಎತ್ತಾಕ ಮಾತ್ರ ಜಳಕ ಆಗಿರಬೇಕು."

"ನಾ ದಿನಕ್ಕ ಐದು ಸಲ ನಮಾಜಿಗೆ ಕೈಕಾಲು ತೊಳೀತೀನಿ," ಎಂದ ಚಾಚಾ. "ಮುಂಜಾನಿ ಜಳಕಾನೂ ಮಾಡ್ತೀನಿ. ಕಾನೂನು ಸಾಹುಕಾರ್ರಿಗೂ ಐತೇನ್ರಿ?"

"ದೇವರ ಮುಂದ ಎಲ್ಲಾರೂ ಒಂದ," ಎಂದರು ಅಯ್ಯನವರು. ಸಾಹುಕಾರರು ಭಕ್ತಿಯಿಂದ ತಲೆಯಾಡಿಸಿದರು.

ನಾನು ಇದೆಲ್ಲ ಮೂಢತನ ಎಂದು ಕೂಗಾಡಿದೆ. ಯಾರೂ ಕಿವಿಗೊಡಲಿಲ್ಲ. ಊದುಬತ್ತಿ ಶುರುವಾದ ಮೇಲೆ ಒಂದು ದಿನವೂ ಖಟಕಾ ಎಳೆದು ನೋಡುವುದು ತಪ್ಪಲಿಲ್ಲ ಎಂಬುದು ಬೇರೆ ಮಾತು. ನಾನು ಯಂತ್ರದ ಲೆಕ್ಕದಲ್ಲಿ ಹೇಳಿದಾಗ ದಿನ ಬಿಟ್ಟು ದಿನ ಮರೆಯುತ್ತಿದ್ದರು. ಪರಿಮಳ ಬಂದಮೇಲೆ ನೆನಪೂ ಬಂತು.

ಅರ್ಧ ಮೀಸೆ

ಅಂದು ಆದಿತ್ಯವಾರ. ಸಾಹುಕಾರರು ಅಂಗಳದ ಬೇವಿನ ಮರದ ಕೆಳಗೆ ಕೂತು ಮೀಸೆ ತಿದ್ದಿಸಿಕೊಳ್ಳುತ್ತಿದ್ದರು. ಅವರ ಮೀಸೆ ಗಂಗಾವತಿಗೆ ಹೆಸರಾದದ್ದು. ಕ್ಷೌರಿಕ ಬಲಗಡೆಯದನ್ನು ಕತ್ತರಿಯಿಂದ ಸಣ್ಣ ಮಾಡಿ ಮುಗಿಸಿದ್ದ. ಎಡಗಡೆಯದು ಹಾಗೇ ಇತ್ತು. ಯಲಬುರ್ಗಾದ ಗಿರಾಕಿಯೊಬ್ಬ ಬಾಗಿಲ ಚೌಕಟ್ಟು ಒಯ್ಯಲು ಬಂಡಿ ತಂದು, ಹೊತ್ತಾಯಿತು ಎಂದು ಅವರ ಎದುರಿಗೇ ಗೊಣಗುತ್ತಿದ್ದ.

ಒಳಗೆ ಗರಗಸದ ಹಲ್ಲಿಗೆ ಒಂದು ಗಂಟಿನ ತುಂಡು ಸಿಕ್ಕಿತು. ಚಾಚಾ ಖಟಕಾ ಎಳೆದ. ಎಂಜಿನ್ನು ನಿಂತಿತು. ಗಾಲಿಯ ಓಟ ನಿಲ್ಲುವ ತನಕ ಕಾದು, ದಿಮ್ಮಿಯ ಆಚೆ ಮೊಣಕಾಲೂರಿ, ಗರಗಸದ ಅಡಿಗೆ ಕೈ ತೂರಿಸಿ ತುಂಡನ್ನು ಬಿಡಿಸತೊಡಗಿದ. ಎರಡೂ ಕೈ ಹಲ್ಲುಗಳ ನಡುವೆ.

ಸಾಹುಕಾರರು ಮರದ ಕೆಳಗಿನಿಂದಲೇ ಕೂಗಿದರು. "ಯಾಕ ನಿಂತೈತಿ? ಹೊತ್ತಸ್ರಿ!"

ಡ್ರೈವರ್ ತಿರುಗಿಸತೊಡಗಿದ. ಹೊತ್ತಲಿಲ್ಲ. ಚಾಚಾನ ಖಟಕಾ ಕೆಳಗಿತ್ತಲ್ಲ. ಸಾಹುಕಾರರು ಎದ್ದು ಗಾದಿಗೆ ಹೋಗಿ ತಮ್ಮ ಹಿತ್ತಾಳೆಯ ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿ ಮೇಲೆಯೇ ಬಿಟ್ಟರು. ಅಷ್ಟು ದೊಡ್ಡ ಹಿಡಿಕೆ, ಅದಕ್ಕೂ ಹೊತ್ತಲಿಲ್ಲ. ಕತ್ತಿನ ಬಟ್ಟೆಯ ಸಮೇತ ಗರಗಸದ ಮನೆಗೆ ನುಗ್ಗಿದರು. ಅಂಗಳದಾಚೆ ಡ್ರೈವರ್ ಇನ್ನೂ ತಿರುಗಿಸುತ್ತಲೇ ಇದ್ದ. ಖಟಕಾ ಮೇಲೆದ್ದರೆ ಮುಂದಿನ ಸುತ್ತಿಗೆ ಎಂಜಿನ್ನು ಹೊತ್ತುತ್ತದೆ. ಹೊತ್ತಿದ ಕೂಡಲೇ ಅವನು ಪಟ್ಟಾವನ್ನು ಗರಗಸದ ಗಾಲಿಗೆ ಸರಿಸುತ್ತಾನೆ. ಅದು ಅವನ ಕೈಗೆ ಕೂತ ರೂಢಿ, ನೋಡುವುದಿಲ್ಲ, ಕೇಳುವುದಿಲ್ಲ.

ಸಾಹುಕಾರರಿಗೆ ದಿಮ್ಮಿಯ ಹಿಂದಿನ ಚಾಚಾ ಕಾಣಲಿಲ್ಲ. ಖಟಕಾ ಕಂಡಿತು. ಕೈ ಎತ್ತಿದರು.

ನಾನು ಗರಗಸದ ಮನೆಯ ಆ ತುದಿಯಲ್ಲಿ ದಿಮ್ಮಿ ಉರುಳಿಸುತ್ತಿದ್ದೆ. "ತಡೀರಿ! ಮುಟ್ಟಬ್ಯಾಡ್ರಿ! ಕೈ ಐತಿ ಅಲ್ಲಿ!" ಎಂದು ಗಂಟಲು ಹರಿಯುವಂತೆ ಕೂಗಿದೆ.

"ನಿಂದು ಇದ್ದದ್ದ," ಎಂದರು ಸಾಹುಕಾರರು ತಿರುಗದೆ. ನನ್ನ ಮಾತಿಗೆ ಅವರು ಯಾವತ್ತೂ ಏನನ್ನೂ ನಿಲ್ಲಿಸಿದವರಲ್ಲ. ಅವರ ಬೆರಳು ಹಿಡಿಕೆಯನ್ನು ಇನ್ನೇನು ಮುಟ್ಟಬೇಕು.

ಆಗ ದಿಮ್ಮಿಯ ಹಿಂದಿನಿಂದ ಚಾಚಾನ ದನಿ ಬಂತು. ಕೂಗಲಿಲ್ಲ. ನೆಂಟರ ಮನೆಯಲ್ಲಿ ಕ್ಷೇಮ ಕೇಳಿದ ಹಾಗೆ ಕೇಳಿದ.

"ಸಾಹುಕಾರ್ರ, ಜಳಕ ಆತೇನ್ರಿ?"

ಸಾಹುಕಾರರ ಕೈ ಅಲ್ಲೇ ನಿಂತಿತು. ಕತ್ತಿನ ಬಟ್ಟೆ ನೋಡಿಕೊಂಡರು. ಅದರ ಮೇಲೆ ಬಿದ್ದ ಕೂದಲು ನೋಡಿಕೊಂಡರು. ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದರು. ಸೀದಾ ಬಾವಿಗೆ ಹೋಗಿ, ಕೊಡದ ಮೇಲೆ ಕೊಡ ತಣ್ಣೀರು ಸುರಿದುಕೊಂಡರು.

ನಾನು ಓಡಿಹೋಗಿ ಡ್ರೈವರನನ್ನು ತಡೆದು ಬಂದೆ. ಚಾಚಾ ಆತುರಪಡಲಿಲ್ಲ. ಗಂಟಿನ ತುಂಡು ಬಿಡಿಸಿದ, ಕೈ ಹೊರಗೆ ತೆಗೆದ, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡ. ಎದ್ದು ಎಲ್ಲರೂ ದೂರ ನಿಂತಿದ್ದಾರೆಯೇ ಎಂದು ನೋಡಿ ತಾನೇ ಖಟಕಾ ಎತ್ತಿದ. ಡ್ರೈವರ್ ತಿರುಗಿಸಿದ, ಎಂಜಿನ್ನು ಹೊತ್ತಿತು.

ಸಾಹುಕಾರರು ತೊಪ್ಪೆಯಾಗಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಖಟಕಾ ಎತ್ತಲು ಸಿದ್ಧರಾಗಿ ಬಾಗಿಲಿಗೆ ಬಂದರು. ಗರಗಸ ನಡೆಯುತ್ತಿತ್ತು.

"ಹಂಗಾರ ನಾ ಯಾಕ ಜಳಕ ಮಾಡಿದ್ನಿ?" ಎಂದರು.

ನಾನು ಚಾಚಾನ ಕೈ ಎಲ್ಲಿತ್ತು ಎಂದು ತೋರಿಸಿದೆ. ಅವರು ಗರಗಸ ನೋಡಿದರು, ಚಾಚಾನ ಕೈ ನೋಡಿದರು, ಮುಖ ಬಿಳಿಚಿಕೊಂಡಿತು. ಅಂದಿನಿಂದ ಒಂದು ಹೊಸ ಕಟ್ಟಳೆ ಬಂತು. ಖಟಕಾ ಇಳಿಸಿದವನೇ ಎತ್ತಬೇಕು, ಬೇರೆ ಯಾರೂ ಕೈ ಹಚ್ಚಬಾರದು. ಖಟಕಾ ಕೂಡಿಸಿದ ದಿನದಿಂದ ನಾನು ಕೂಗುತ್ತಿದ್ದದ್ದು ಇದನ್ನೇ. ಸಾಹುಕಾರರು ತಮ್ಮ ಬಾಯಿಂದಲೇ ಹೇಳಿದರು, ತಮಗೇ ಹೊಳೆದದ್ದು ಎಂಬಂತೆ.

ಇಷ್ಟಾದ ಮೇಲೆ ಅವರು ಬೇವಿನ ಮರದ ಕಡೆ ತಿರುಗಿದರು. ಕ್ಷೌರಿಕ ಪೆಟ್ಟಿಗೆ ಮುಚ್ಚಿ ಎದ್ದು ನಿಂತಿದ್ದ.

"ಬಾರಪಾ, ಈ ಕಡೀದು ಮುಗಸು."

"ಹೆಂಗ್ರೀ ಯಪ್ಪಾ? ಜಳಕ ಆಗಿ ವಿಭೂತಿ ಬಿತ್ತು. ಇವತ್ತು ಇನ್ನ ಕತ್ತರಿ ಮುಟ್ಟಸೂ ಹಂಗಿಲ್ಲ."

"ಹಂಗಾರ ನಾಳೆ ಬಾ."

"ನಾಳೆ ಸೋಮವಾರ್ರಿ. ನೀವು ಮಾಡಿಸೂದಿಲ್ಲ."

"ನಾಡದ?"

"ಮಂಗಳವಾರ್ರಿ. ನಾ ಮಾಡೂದಿಲ್ಲ."

ಸಾಹುಕಾರರು ಬಲಗಡೆ ಚಿಗುರು, ಎಡಗಡೆ ಪೊದೆ ಹೊತ್ತು ಗಾದಿಯಲ್ಲಿ ಕೂತರು. ಯಲಬುರ್ಗಾದ ಗಿರಾಕಿ ಚೌಕಟ್ಟು ಮರೆತು ಅವರ ಮುಖವನ್ನೇ ನೋಡುತ್ತಾ ನಿಂತ. ಗಂಗಾವತಿಯ ಮಂದಿ ಕಟ್ಟಿಗೆಯ ಧಾರಣೆ ಕೇಳುವ ನೆಪ ಮಾಡಿ ಬುಧವಾರದ ತನಕ ಬಂದು ನೋಡಿ ಹೋದರು.

ಸಂಜೆ ಚಾಚಾ ಮನೆಗೆ ಹೊರಟವನು ಗಾದಿಯ ಮುಂದೆ ನಿಂತು, ಎರಡೂ ಕೈ ಎತ್ತಿ ಉಳಿದ ಬೆರಳುಗಳನ್ನೆಲ್ಲ ಅಗಲಿಸಿ ಸಲಾಮು ಮಾಡಿದ.

"ಚಿಂತಿ ಮಾಡಬ್ಯಾಡ್ರೀ ಸಾಹುಕಾರ್ರ," ಎಂದ. "ನಿಮ್ಮದು ಮತ್ತ ಬೆಳೀತೈತಿ."